ದೋನ್ಯಾ ಬ್ಲಾಂಕಾ ಒಪ್ಪುವುದಿಲ್ಲ

ತನ್ನ ಮನೆಯ ಬಾಗಿಲನ್ನು ತಾನೇ ತಟ್ಟಿ ಒಳಗೆ ಹೋಗುವುದು ಓತಿಲಿಯಾ ಅಬುರ್ತೊಗೆ ಎಷ್ಟು ರೂಢಿಯಾಗಿಬಿಟ್ಟಿತ್ತೆಂದರೆ, ಬಾಡಿಗೆಯವರು ಯಾರೂ ಇಲ್ಲದ ಏಪ್ರಿಲ್ ತಿಂಗಳಲ್ಲೂ, ಮನೆಯಲ್ಲಿ ತಾನೊಬ್ಬಳೇ ಎಂದು ಗೊತ್ತಿದ್ದೂ, ಬೆರಳ ಗಂಟಿನಿಂದ ಎರಡು ಸಲ ತಟ್ಟಿ, ಒಳಗಿನಿಂದ ಯಾರಾದರೂ ಬಾ ಎನ್ನಲಿ ಎಂದು ಒಂದು ಗಳಿಗೆ ಕಾದು, ಆಮೇಲೆ ತನಗೆ ತಾನೇ ಬೈದುಕೊಂಡು ಒಳಗೆ ಹೋಗುತ್ತಿದ್ದಳು. ಇವತ್ತು ಜುಲೈ ತಿಂಗಳ ಶನಿವಾರ, ಇಲ್ಲಿಯ ನಡುಚಳಿಗಾಲ. ಹಳಬರು ಹತ್ತು ಗಂಟೆಗೆ ಮನೆ ಖಾಲಿ ಮಾಡಬೇಕು, ಹೊಸಬರು ನಾಲ್ಕಕ್ಕೆ ಬರುತ್ತಾರೆ. ನಡುವಿನ ಆರು ಗಂಟೆಯಲ್ಲಿ ಒಬ್ಬರ ಕೂದಲು, ಉಗುರು, ಸೋಪಿನ ನೊರೆ ಎಲ್ಲವನ್ನೂ ತೊಳೆದು ಇನ್ನೊಬ್ಬರಿಗೆ ಈ ಮನೆಯಲ್ಲಿ ಯಾರೂ ಬದುಕಿಯೇ ಇಲ್ಲ ಎನ್ನುವಂತೆ ಮಾಡಬೇಕು. ರಾತ್ರಿಯೆಲ್ಲ ಬಿದ್ದ ಹಿಮವನ್ನು ಸಲಿಕೆಯಿಂದ ಸರಿಸಿ ಮೆಟ್ಟಿಲು ಬಿಡಿಸಿದ್ದಳು. ಒಗೆದ ಹಾಸಿಗೆ ಬಟ್ಟೆಯ ಬುಟ್ಟಿಯನ್ನು ಸೊಂಟಕ್ಕೆ ಆನಿಸಿಕೊಂಡು ಎರಡು ಸಲ ತಟ್ಟಿದಳು. "ಬಾ ಓತಿ, ತೆಗೆದೇ ಇದೆ," ಎಂದಳು ಒಳಗಿನಿಂದ ಮಾಗಾಲಿ, ದಂತವೈದ್ಯನ ಹೆಂಡತಿ. ಐದು ವರ್ಷದಿಂದ ಪ್ರತಿ ಚಳಿಗಾಲವೂ ಬ್ಯೂನಸ್ ಐರಿಸ್‌ನಿಂದ ಇಲ್ಲಿಗೇ ಬರುವ ಈ ಗಂಡಹೆಂಡಿರು ಆ ಮನೆಯ ಚಮಚಗಳನ್ನು ತಮ್ಮವೆಂಬಂತೆ ಬೇರೆ ಡ್ರಾಯರಿನಲ್ಲಿ ಇಡುತ್ತಿದ್ದರು. ಅವರು ಹೋದಮೇಲೆ ಓತಿಲಿಯಾ ಅವನ್ನು ಮೊದಲಿನ ಜಾಗದಲ್ಲಿ ಇಡುತ್ತಿದ್ದಳು. ಬಾಯಿಬಿಟ್ಟು ಒಂದು ಮಾತೂ ಆಡದೆ ಇಬ್ಬರೂ ಐದು ವರ್ಷ ಈ ಜಗಳವನ್ನು ನಡೆಸಿಕೊಂಡು ಬಂದಿದ್ದರು.

ಸಾನ್ ಮಾರ್ತಿನ್ ಊರಿನಲ್ಲಿ ಹೀಗೆ ಮನೆ ಬಾಡಿಗೆಗೆ ಬಿಡುವುದೇನೂ ದೊಡ್ಡ ಸುದ್ದಿಯಲ್ಲ. ಹಿಮ ಬಿತ್ತೆಂದರೆ ಅರ್ಧ ಊರು ತನ್ನ ಮನೆಯನ್ನು ಪ್ರವಾಸಿಗರಿಗೆ ಬಿಟ್ಟು ಹಿತ್ತಿಲಿಗೆ ಹೋಗುತ್ತದೆ. ಕೆಲವರು ಕಾರು ಶೆಡ್ಡಿಗೆ, ಕೆಲವರು ನಾದಿನಿಯ ಮನೆಯ ಮಹಡಿಗೆ, ಓತಿಲಿಯಾ ಸೌದೆಕೊಟ್ಟಿಗೆಗೆ. ಅಪ್ಪ ಸತ್ತು, ತಾನು ಕೆಲಸಕ್ಕಿದ್ದ ಹೋಟೆಲಿನ ಬಟ್ಟೆ ಒಗೆಯುವ ವಿಭಾಗ ಮುಚ್ಚಿದ ವರ್ಷ ಮೊದಲ ಸಲ ಮನೆ ಬಾಡಿಗೆಗೆ ಕೊಟ್ಟಳು. ಅಪ್ಪನ ಫೋಟೋ, ಅಮ್ಮನ ಚಹಾ ಬಟ್ಟಲುಗಳು, ತನ್ನ ಒಳ್ಳೆಯ ಹೊದಿಕೆ, ಅರ್ಧ ಹೆಣೆದ ಸ್ವೆಟರು ಎಲ್ಲವನ್ನೂ ಮೆಟ್ಟಿಲ ಕೆಳಗಿನ ಕಪಾಟಿನಲ್ಲಿ ತುಂಬಿ ಬೀಗ ಹಾಕಿದಳು. ಮೊದಲ ದಿನವೇ ಬಂದವನೊಬ್ಬ, ಇನ್ನಿಬ್ಬರು ಸ್ನೇಹಿತರು ನೆಲದ ಮೇಲೆ ಮಲಗುತ್ತಾರೆ, ಆಗಬಹುದಲ್ಲ ಎಂದು ಕೇಳಿದ್ದ. ಆಗದು ಎನ್ನಲು ಅವಳಿಗೆ ಬಾಯಿ ಬರಲಿಲ್ಲ. ಇಂದಿನವರೆಗಿನ ಐವತ್ತೆಂಟು ವರ್ಷದ ಬಾಳಿನಲ್ಲಿ ಆಗದು ಎಂಬ ಮಾತನ್ನು ಆಕೆ ಬೇರೆಯವರ ಬಾಯಿಂದ ಕೇಳಿದ್ದೇ ಹೆಚ್ಚು. ಆಗ ನಾಲಿಗೆ ತಾನಾಗಿಯೇ ಹೇಳಿತು: "ನಂಗೇನೂ ಅಭ್ಯಂತರ ಇಲ್ಲ ಸ್ವಾಮಿ, ಆದ್ರೆ ದೋನ್ಯಾ ಬ್ಲಾಂಕಾ ಒಪ್ಪಲ್ಲ." ದೋನ್ಯಾ ಎಂದರೆ ಅಮ್ಮನವರು; ಬ್ಲಾಂಕಾ ಎಂದರೆ ಹಿಂದೆ ಅವಳ ಅಮ್ಮ ಬಟ್ಟೆ ಒಗೆಯುತ್ತಿದ್ದ ಮನೆಯ ಯಜಮಾನಿಯ ಹೆಸರು. ಒಗೆದ ಅಂಗಿಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಏನೂ ಮಾತಾಡದೆ, ಮತ್ತೆ ಬುಟ್ಟಿಗೆ ಹಾಕುತ್ತಿದ್ದ ಹೆಂಗಸು. ಬಂದವನು ಕೂಡಲೇ ತಣ್ಣಗಾದ, "ಪಾಪ, ನಿನ್ನದೇನು ತಪ್ಪು," ಎಂದ. ಅವತ್ತಿನಿಂದ ಹತ್ತೊಂಬತ್ತು ವರ್ಷ ಓತಿಲಿಯಾ ತನ್ನದೇ ಮನೆಯ ಕೆಲಸದವಳಾದಳು. ಬಾಡಿಗೆಯವರು ಹಣದ ಲಕೋಟೆಯನ್ನು ಕೈಗೆ ಕೊಟ್ಟು "ಯಜಮಾನಿಗೆ ತಲುಪಿಸಿಬಿಡು" ಎನ್ನುತ್ತಿದ್ದರು, ಅವಳು ತಲುಪಿಸುತ್ತಿದ್ದಳು. ಊರಿನವರಿಗೆ ಎಲ್ಲ ಗೊತ್ತಿತ್ತು. ಬೇಕರಿಯ ಮುದುಕನಂತೂ ರೊಟ್ಟಿ ಕಟ್ಟಿಕೊಡುವಾಗ, "ಏನಮ್ಮ, ನಿಮ್ ಯಜಮಾನಿ ಈ ವರ್ಷ ಸಂಬಳ ಜಾಸ್ತಿ ಮಾಡಿದ್ಲಾ?" ಎಂದು ಕಣ್ಣು ಮಿಟುಕಿಸುತ್ತಿದ್ದ. "ಎಲ್ಲಿ ಮಾಡ್ತಾಳೆ, ಜಿಪುಣಿ," ಎನ್ನುತ್ತಿದ್ದಳು ಇವಳೂ. ತಮಾಷೆಗೆಂದು ಶುರುವಾದದ್ದು ಯಾವಾಗ ತಮಾಷೆಯಾಗಿ ಉಳಿಯಲಿಲ್ಲವೋ ಅವಳಿಗೆ ನೆನಪಿಲ್ಲ.

ಮಾಗಾಲಿ ಅಡುಗೆಮನೆಯ ಮೇಜಿನ ಮೇಲೆ ಅರ್ಧ ಉಳಿದ ಜಾಮಿನ ಬಾಟಲಿ, ಚಹಾದಂತೆ ಕುದಿಸಿ ಕುಡಿಯುವ ಮಾತೆ ಸೊಪ್ಪಿನ ಮೂಲೆ ಹರಿದ ಪೊಟ್ಟಣ, ಎರಡು ಈರುಳ್ಳಿ ಸಾಲಾಗಿ ಇಟ್ಟಿದ್ದಳು. "ಇವೆಲ್ಲ ನಿಂಗೆ ಓತಿ. ಎಸೆಯೋಕೆ ಮನಸ್ಸು ಬರ್ಲಿಲ್ಲ." ದಂತವೈದ್ಯ ಎರ್ನಾನ್ ಬಾಸಾಲ್ದುವಾ ಕಾಲುಚೀಲದಲ್ಲೇ ಕಿಟಕಿಯ ಬಳಿ ನಿಂತು ಲಾಕಾರ್ ಸರೋವರವನ್ನು ನೋಡುತ್ತಿದ್ದ. ಕೊಳ್ಳಬೇಕೆಂದಿರುವ ಕುದುರೆಯನ್ನು ನೋಡುವ ಹಾಗೆ, ಮೆಚ್ಚುಗೆಯನ್ನು ಮುಖದಲ್ಲಿ ತೋರಿಸದೆ ನೋಡುತ್ತಿದ್ದ. "ಓತಿ, ಒಂಬತ್ತಕ್ಕೆ ಒಬ್ರು ಬರ್ತಾರೆ. ನೆಉಕೆನ್‌ನಿಂದ. ಮನೆಗೆ ಬೆಲೆ ಕಟ್ಟೋರು," ಎಂದ. ಓತಿಲಿಯಾಳ ಕೈ ದಿಂಬಿನ ಚೀಲದೊಳಗೇ ನಿಂತಿತು. "ದೋನ್ಯಾ ಬ್ಲಾಂಕಾಗೆ ಹೇಳಿದೀರಾ ಡಾಕ್ಟರೇ?" ಎಂದು ಕೇಳಿದಳು. ಕೇಳಿದಮೇಲೆ ತನ್ನ ಮೇಲೇ ಸಿಟ್ಟು ಬಂತು. ಎದುರಿಗೇ ಮನೆಗೆ ಬೆಲೆ ಕಟ್ಟಿಸುತ್ತಿದ್ದಾರೆ, ತಾನಿನ್ನೂ ಇಲ್ಲದ ಹೆಂಗಸಿನ ಅಪ್ಪಣೆಯನ್ನು ಕೇಳುತ್ತಿದ್ದೇನೆ. "ಅದಕ್ಕೇ ಕಣೇ, ಬೆಲೆ ಗೊತ್ತಾದ್ರೆ ನೇರವಾಗಿ ಕೇಳ್ಬೋದು. ಅವಳಿಗೇನು, ಒಂದು ದಿನ ಬಂದು ನೋಡಿದ್ಲಾ? ನಿನ್ನ ಆ ಗೂಡಲ್ಲಿ ಹಾಕಿ ತಾನು ಎಲ್ಲೋ ಆರಾಮಾಗಿದಾಳೆ. ನಾವು ತಗೊಂಡ್ರೆ ನಿಂಗೆ ಅಲ್ಲೊಂದು ಸ್ನಾನದಮನೆ ಕಟ್ಟಿಸಿಕೊಡ್ತೀವಿ." ಮಾಗಾಲಿ ಹೌದು ಹೌದು ಎಂದು ತಲೆ ಆಡಿಸಿದಳು. ಅವರು ಒಳ್ಳೆಯವರೇ, ಅದರಲ್ಲಿ ಸಂಶಯವಿಲ್ಲ. ಓತಿಲಿಯಾ ದಿಂಬಿನ ಚೀಲವನ್ನು ಜೋರಾಗಿ ಕೊಡವಿದಳು.

ಬೆಲೆ ಕಟ್ಟುವವನ ಹೆಸರು ಪೆರೊಟ್ಟಿ. ದಪ್ಪ ಮನುಷ್ಯ, ಬೂಟು ಬಿಚ್ಚಲಿಲ್ಲ. ಗೋಡೆಯಿಂದ ಗೋಡೆಗೆ ಕೆಂಪು ಬೆಳಕಿನ ಚುಕ್ಕೆ ಬೀಳಿಸುವ ಯಂತ್ರ ಹಿಡಿದು ಅಳೆದ, ತೊಲೆಯನ್ನು ಚಾಕುವಿನ ತುದಿಯಿಂದ ಚುಚ್ಚಿದ, ಚಾವಣಿಗೆ ಹೆಂಚಿನಂತೆ ಹೊದಿಸಿದ್ದ ಮರದ ಬಿಲ್ಲೆಗಳನ್ನು ಹೊರಗಿನಿಂದ ನೋಡಿ, "ಹಳೇ ಕೈಕೆಲಸ. ಈಗ ಇಂಥಾದ್ದು ಮಾಡೋರಿಲ್ಲ," ಎಂದ. ಆ ಬಿಲ್ಲೆಗಳನ್ನು ಸೀಳಿದ್ದು ಅವಳ ಅಪ್ಪ. ಗಡಿಯ ಆಚೆಯಿಂದ ಕೊಡಲಿಯೊಂದಿಗೆ ಬಂದ ಮನುಷ್ಯ, ಮೂರು ಚಳಿಗಾಲ ಲೆಂಗಾ ಮರದ ದಿಮ್ಮಿ ಸೀಳಿ, ಒಂದೊಂದನ್ನೂ ಅಂಗೈಯಿಂದ ಸವರಿ ನೋಡಿ ಏರಿಸಿದ್ದ. ಅವಳು ಕೆಳಗೆ ನಿಂತು ಮೊಳೆ ಕೊಡುತ್ತಿದ್ದಳು. ಬಾಯಲ್ಲಿ ಮೊಳೆ ಕಚ್ಚಿಕೊಂಡಿರುತ್ತಿದ್ದ ಅಪ್ಪ ಅವಳ ಜೊತೆ ಹುಬ್ಬಿನಲ್ಲೇ ಮಾತಾಡುತ್ತಿದ್ದ. ಅಪ್ಪ ಮಾಡಿದ್ದು ಅನ್ನಬೇಕೆನಿಸಿತು. ಬುಟ್ಟಿಯನ್ನು ಇನ್ನೊಂದು ಸೊಂಟಕ್ಕೆ ಬದಲಾಯಿಸಿದಳು. ಪೆರೊಟ್ಟಿ ಆಗಲೇ ಹಿತ್ತಿಲಿಗೆ ಹೋಗಿ ಸೌದೆಕೊಟ್ಟಿಗೆಯ ಬಾಗಿಲು ತೆರೆದಿದ್ದ. ತಟ್ಟಲಿಲ್ಲ. ಒಳಗೆ ಅವಳ ಮಂಚ, ಮಂಚದ ಮೇಲೆ ಅವಳು ಎದ್ದು ಬಂದ ಕುಳಿ ಇನ್ನೂ ಹಾಗೇ ಇತ್ತು. ತಂತಿಯ ಮೇಲೆ ಒಣಗಲು ಹಾಕಿದ್ದ ಒಳಬಟ್ಟೆ, ಕಬ್ಬಿಣದ ಒಲೆ, ಒಂದೇ ಬಟ್ಟಲು. ಮಾಗಾಲಿ ಹೋದ ವರ್ಷ ಕೊಟ್ಟ ಮೊಣಕೈ ಸವೆದ ಕೋಟು ಮೊಳೆಗೆ ತೂಗುತ್ತಿತ್ತು. ಮೂರು ಜನ ಹೊಸ್ತಿಲಲ್ಲಿ ನಿಂತು ಅದನ್ನೆಲ್ಲ ನೋಡಿದರು. ಅವಳು ಅವರ ಬೆನ್ನ ಹಿಂದೆ ಹಿಮದಲ್ಲಿ ನಿಂತು ಅವರು ನೋಡುವುದನ್ನು ನೋಡಿದಳು.

"ಇದಕ್ಕೆ ಬೆಲೆ ಇಲ್ಲ, ಕೆಡವೋದೇ," ಎಂದ ಪೆರೊಟ್ಟಿ. "ಮನೆಗೆ ಬೆಲೆ ಇದೆ. ಸರೋವರದ ನೋಟಕ್ಕೆ ಮನೆಗಿಂತ ಜಾಸ್ತಿ ಇದೆ. ಆದ್ರೆ ಇವರಿಂದ ಕಮ್ಮಿ ಆಗುತ್ತೆ ನೋಡಿ."

"ಯಾರಿಂದ?" ಎಂದಳು ಮಾಗಾಲಿ.

ಅವನು ಪೆನ್ನಿನ ತುದಿಯಲ್ಲಿ ಓತಿಲಿಯಾಳನ್ನು ತೋರಿಸಿದ. "ಏನಮ್ಮ, ಎಷ್ಟು ವರ್ಷದಿಂದ ಇದೀಯ ಇಲ್ಲಿ?"

"ಹುಟ್ಟಿದಾಗಿಂದ," ಎಂದಳು ಅವಳು.

"ಕೇಳಿದ್ರಲ್ಲ. ಇಪ್ಪತ್ತು ವರ್ಷ ದಾಟಿದ್ರೆ ಸಾಕು, ನಾಳೆ ಕೋರ್ಟಿಗೆ ಹೋಗಿ ಈ ಜಾಗ ನಂದು ಅನ್ಬೋದು. ಕೆಲಸದೋರು ಇಂಥ ಕಡೆ ಬೇರು ಬಿಟ್ಟುಬಿಡ್ತಾರೆ. ಡಾಕ್ಟರೇ, ಮೊದ್ಲು ಇವರ ಕೈಲಿ ಒಂದು ಮುಚ್ಚಳಿಕೆ ಬರೆಸ್ಕೊಳ್ಳಿ. ಆಮೇಲೆ ಯಜಮಾನಿ ಹತ್ರ ಮಾತು."

ಅಡುಗೆಮನೆಯ ಮೇಜಿನ ಮೇಲೆ, ಜಾಮಿನ ಬಾಟಲಿಯ ಪಕ್ಕ, ಪೆರೊಟ್ಟಿ ಚೀಲದಿಂದ ಅಚ್ಚಾದ ಹಾಳೆಯೊಂದನ್ನು ತೆಗೆದ. ಇಂಥ ಹಾಳೆಗಳನ್ನು ಅವನು ಯಾವಾಗಲೂ ಇಟ್ಟುಕೊಂಡಿರುತ್ತಾನೆಂದು ಕಾಣುತ್ತದೆ. ಖಾಲಿ ಬಿಟ್ಟ ಜಾಗಗಳನ್ನು ತುಂಬುತ್ತಾ ಓದಿದ: ಕೆಳಗೆ ಸಹಿ ಮಾಡಿರುವವಳು ಈ ಆಸ್ತಿಯ ಹಿಂದಿನ ಕೊಟ್ಟಿಗೆಯಲ್ಲಿ ಮಾಲೀಕರ ದಯೆಯಿಂದ ವಾಸವಾಗಿರುತ್ತಾಳೆ, ಮನೆಯ ಮೇಲಾಗಲಿ ನೆಲದ ಮೇಲಾಗಲಿ ಅವಳಿಗೆ ಯಾವ ಹಕ್ಕೂ ಇಲ್ಲ, ಹೋಗು ಎಂದ ದಿನ ಹೋಗುತ್ತಾಳೆ. ಕೆಳಗೆ ಎರಡು ಗೆರೆ. ಮೇಲಿನದು ಮಾಲೀಕರದು, ಕೆಳಗಿನದು ವಾಸ ಇರುವವರದು. "ಯಜಮಾನಿಯ ಪೂರ್ತಿ ಹೆಸರೇನಮ್ಮ? ಸೋಮವಾರ ನೋಂದಣಿ ಕಚೇರೀಲಿ ನೋಡಿಸ್ಬೇಕು." ಓತಿಲಿಯಾ ಆ ಎರಡು ಗೆರೆಗಳನ್ನೇ ನೋಡುತ್ತಿದ್ದಳು. ದಂತವೈದ್ಯ ತನ್ನ ಪೆನ್ನು ತೆಗೆದು ಅವಳ ಬೆರಳಿಗೆ ಸಿಕ್ಕಿಸಿ, "ಹೆದರ್ಕೋಬೇಡ ಓತಿ, ಇದು ಬರೀ ಶಾಸ್ತ್ರಕ್ಕೆ. ನಾವು ನಿನ್ನ ಕಳಿಸ್ತೀವಾ?" ಎಂದ. ಅವಳು ಕೂತಳು. ಈ ಕುರ್ಚಿಯಲ್ಲಿ, ಈ ಕಿಟಕಿಗೆ ಮುಖಮಾಡಿ, ಬಾಡಿಗೆಯವರ ಎದುರು ಅವಳು ಕೂತದ್ದು ಇದೇ ಮೊದಲು. ಯಾರೂ ಅದನ್ನು ಗಮನಿಸಲಿಲ್ಲ.

ಕೆಳಗಿನ ಗೆರೆಯಲ್ಲಿ ಸಹಿ ಹಾಕುವುದು ಎಷ್ಟು ಸುಲಭ ಎಂದು ಅವಳಿಗೇ ಆಶ್ಚರ್ಯವಾಯಿತು. ಸುಳ್ಳೂ ಅಲ್ಲ. ಹತ್ತೊಂಬತ್ತು ವರ್ಷದಲ್ಲಿ ಕೊಟ್ಟಿಗೆಯಲ್ಲಿ ಮಲಗಿದ ರಾತ್ರಿಗಳು ಮನೆಯಲ್ಲಿ ಮಲಗಿದ್ದಕ್ಕಿಂತ ಕಮ್ಮಿಯೇನೂ ಇರಲಾರವು. ಬಾಡಿಗೆಯವರಿಲ್ಲದಾಗಲೂ ಮಹಡಿಯ ದೊಡ್ಡ ಕೋಣೆಯಲ್ಲಿ ಅವಳಿಗೆ ನಿದ್ದೆ ಹತ್ತುತ್ತಿರಲಿಲ್ಲ, ಯಾರದೋ ಹಾಸಿಗೆಯನ್ನು ಕೊಳೆ ಮಾಡುತ್ತಿದ್ದೇನೆ ಅನಿಸುತ್ತಿತ್ತು. ಬ್ಲಾಂಕಾ ಇಲ್ಲದಿದ್ದರೆ ತಾನು ಏನು? ಹಾಸಿಗೆ ಬಟ್ಟೆ ಹಾಸಿದಮೇಲೆ ಕಿಟಕಿಯ ಬೆಳಕಿನಲ್ಲಿ ತಲೆ ಓರೆ ಮಾಡಿ ನೋಡುವವಳು ಬ್ಲಾಂಕಾ. ಮಡಿಕೆ ಸರಿಯಿಲ್ಲವೆಂದು ಮತ್ತೆ ಎಳೆಯುವವಳು ಓತಿಲಿಯಾ. ಎರಡೂ ಇದೇ ಮೈಯಲ್ಲಿ ನಡೆಯುತ್ತಿತ್ತು. ಆಗ ಹಿಂದೊಮ್ಮೆ ಬಾಡಿಗೆಗಿದ್ದ ಆ ದಂಪತಿ ನೆನಪಾದರು. ನೆನಪಾಗಬಾರದೆಂದು ಎಷ್ಟೋ ಸಲ ಅವಳು ಬೇಕೆಂದೇ ನೆಲ ಉಜ್ಜುವುದಿತ್ತು. ಕೋರ್ದೊಬಾದಿಂದ ಬಂದಿದ್ದ ಮುದುಕ, ಅವನ ಹೆಂಡತಿ. ಹೊರಡುವ ಶನಿವಾರ ಮುದುಕನಿಗೆ ಜ್ವರ, ಹೊರಗೆ ಗಾಳಿಹಿಮ, ದಾರಿ ಕಾಣದಷ್ಟು. ಒಂದು ರಾತ್ರಿ, ಕೆಳಗಿನ ಸಣ್ಣ ಕೋಣೆಯಾದರೂ ಸಾಕು ಎಂದಿದ್ದಳು ಮುದುಕಿ. ಹೊಸಬರು ಊರ ಹೊರಗೆ ಪೆಟ್ರೋಲ್ ಬಂಕಿನವರೆಗೆ ಬಂದಾಗಿತ್ತು. ಅವರಿಗೆ ಫೋನು ಮಾಡಿ ಕೋಣೆ ಒಂದು ಕಮ್ಮಿ ಎನ್ನುವುದು ಅವಳಿಗೆ ಮುಜುಗರ, ಅಷ್ಟೇ. ಬರೀ ಮುಜುಗರ. "ದೋನ್ಯಾ ಬ್ಲಾಂಕಾ ಒಪ್ಪಲ್ಲ," ಎಂದುಬಿಟ್ಟಳು. ಮುದುಕಿ ಅವಳನ್ನು ತಬ್ಬಿಕೊಂಡು, "ನಿನ್ನ ಕೈಲಿದ್ದಿದ್ರೆ ಇರಿಸ್ಕೊಳ್ತಿದ್ದೆ ಅಂತ ನಂಗೊತ್ತು ಮಗಳೇ," ಎಂದಳು. ಕಾರು ಕೆಳಗಿನ ತಿರುವಿನವರೆಗೆ ಜಾರುತ್ತಾ ಹೋಗುವುದನ್ನು ಓತಿಲಿಯಾ ಇದೇ ಕಿಟಕಿಯಿಂದ ನೋಡಿದಳು. ಅವರಿಗೇನಾಯಿತೋ ಗೊತ್ತಿಲ್ಲ. ಮುಂದಿನ ವರ್ಷ ಅವರು ಬರಲಿಲ್ಲ. ಅವಳು ಅಂದು ಬ್ಲಾಂಕಾಳನ್ನು ಶಪಿಸಿದ್ದಳು, ಮನಸಾರೆ, ಗಟ್ಟಿಯಾಗಿ, ಕೊಟ್ಟಿಗೆಯಲ್ಲಿ ಒಬ್ಬಳೇ ಕೂತು.

"ಸಹಿ ಬರುತ್ತಲ್ಲಮ್ಮ?" ಎಂದ ಪೆರೊಟ್ಟಿ. "ಇಲ್ಲಾಂದ್ರೆ ಹೆಬ್ಬೆಟ್ಟೂ ನಡೆಯುತ್ತೆ."

ಅವಳು ಬರೆದಳು. ಶಾಲೆಯಲ್ಲಿ ಕಲಿತ ದುಂಡಕ್ಷರದಲ್ಲಿ, ಅವಸರವಿಲ್ಲದೆ, ಓತಿಲಿಯಾ ದೆಲ್ ಕಾರ್ಮೆನ್ ಅಬುರ್ತೊ ಎಂದು ಪೂರ್ತಿ ಬರೆದಳು.

"ಅಯ್ಯೋ, ಅಲ್ಲಿ ಅಲ್ಲ ಓತಿ," ಎಂದಳು ಮಾಗಾಲಿ ಮಗುವಿಗೆ ಹೇಳುವ ಹಾಗೆ. "ಅದು ಯಜಮಾನಿ ಜಾಗ. ನೀನು ಕೆಳಗೆ ಹಾಕ್ಬೇಕು."

"ಸರಿಯಾದ ಜಾಗದಲ್ಲೇ ಹಾಕಿದೀನಿ ಸೆನ್ಯೋರಾ."

"ಇನ್ನೊಂದು ಹಾಳೆ ಇದ್ಯಾ?" ಎಂದು ದಂತವೈದ್ಯ ಪೆರೊಟ್ಟಿಯನ್ನು ಕೇಳಿದ.

"ಹಾಳೆ ಎಷ್ಟು ತಂದ್ರೂ ಅಷ್ಟೇ ಡಾಕ್ಟರೇ," ಎಂದಳು ಓತಿಲಿಯಾ. ಪೆನ್ನನ್ನು ಮೇಜಿನ ಮೇಲಿಟ್ಟಳು. "ಸೋಮವಾರ ಕಚೇರೀಲಿ ನೋಡ್ಸಿದ್ರೂ ಇದೇ ಹೆಸರು ಇರುತ್ತೆ. ನಮ್ಮಪ್ಪಂದು, ಆಮೇಲೆ ನಂದು. ದೋನ್ಯಾ ಬ್ಲಾಂಕಾ ಅಂತ ಯಾರೂ ಇಲ್ಲ."

ಮೊದಲು ಅರ್ಥವಾದದ್ದು ಪೆರೊಟ್ಟಿಗೆ. ಅವನು ಯಂತ್ರವನ್ನು ಚೀಲಕ್ಕೆ ಹಾಕಿ, ತುಟಿ ಕಚ್ಚಿ ನಗು ತಡೆದುಕೊಂಡ. ಮಾಗಾಲಿಯ ಕತ್ತು ಕೆಂಪಾಗುತ್ತಾ ಬಂತು. ಐದು ವರ್ಷದಲ್ಲಿ ಈ ಹೆಂಗಸಿನ ಮುಂದೆ ಯಜಮಾನಿಯ ಬಗ್ಗೆ ಏನೇನು ಆಡಿದ್ದೆ ಎಂದು ಒಂದೊಂದಾಗಿ ನೆನೆಸಿಕೊಳ್ಳುತ್ತಿದ್ದಳೋ ಏನೋ. ಆಮೇಲೆ ಅವಳ ಕೈ ಮೆಲ್ಲಗೆ ಚಾಚಿ ಅರ್ಧ ಉಳಿದ ಜಾಮಿನ ಬಾಟಲಿಯನ್ನು ತನ್ನ ಕಡೆಗೆ ಎಳೆದುಕೊಂಡಿತು. ಓತಿಲಿಯಾಗೆ ಅವಳ ಮೇಲೆ ನಿಜಕ್ಕೂ ಮರುಕವಾಯಿತು.

"ಐದು ವರ್ಷ ನಮ್ಮನ್ನ ಕುಣಿಸಿದೀಯ," ಎಂದ ದಂತವೈದ್ಯ. "ನಿನ್ನ ಕಷ್ಟ ನೋಡಿ ನಾವು ಪ್ರತಿ ಸಲ ಕೈಗೆ ಇಷ್ಟು ಕೊಟ್ಟು ಹೋಗ್ತಿದ್ವಲ್ಲ."

"ಕೊಟ್ರಿ. ನಾನು ಕೆಲ್ಸ ಮಾಡಿದ್ದೆ, ತಗೊಂಡೆ. ನಿಮ್ ಬಚ್ಚಲು ಉಜ್ಜಿದ್ದು ಬ್ಲಾಂಕಾ ಅಲ್ಲ."

ಅವನು ಬುದ್ಧಿವಂತ, ಸಿಟ್ಟನ್ನು ಬೇಗ ಮಡಿಸಿಟ್ಟ. ಕುರ್ಚಿ ಎಳೆದುಕೊಂಡು ಎದುರಿಗೆ ಕೂತ. "ಆಯ್ತು. ಹಾಗಾದ್ರೆ ಇನ್ನೂ ಒಳ್ಳೇದೇ. ನಿಮ್ ಹತ್ರಾನೇ ಮಾತಾಡೋಣ. ನೀವೇ ಹೇಳಿ, ಎಷ್ಟಕ್ಕೆ ಕೊಡ್ತೀರಿ?"

ನೀವು ಎಂದದ್ದು ಅವಳ ಕಿವಿಗೆ ಬಿತ್ತು. ಮನಸ್ಸು ಹಿಗ್ಗಲಿಲ್ಲ. ಇಷ್ಟಕ್ಕೇ ಹತ್ತೊಂಬತ್ತು ವರ್ಷ ಕಾದೆನೇ ಎನಿಸಿತು. ಕಿಟಕಿಯ ಆಚೆ ಸರೋವರದ ಮೇಲಿನ ಮಂಜು ಒಂದು ಕಡೆ ಮಾತ್ರ ಎದ್ದಿತ್ತು. ಒಲೆಯ ಮೇಲಿನ ಗೋಡೆಯಲ್ಲಿ ಅಪ್ಪನ ಫೋಟೋ ಇರುತ್ತಿದ್ದ ಮೊಳೆಗೆ, ಬಾಡಿಗೆಯವರಿಗೆಂದು ಅವಳೇ ತಂದು ಹಾಕಿದ್ದ, ಯಾವುದೋ ದೇಶದ ಹಿಮಬೆಟ್ಟದ ಚಿತ್ರ ತೂಗುತ್ತಿತ್ತು. ಕಿಟಕಿ ತುಂಬ ನಿಜವಾದ ಬೆಟ್ಟಗಳಿದ್ದ ಮನೆಯಲ್ಲಿ ಅದನ್ನು ಯಾಕೆ ತೂಗುಹಾಕಿದೆನೋ ಎಂದು ಅವಳಿಗೆ ಈಗ ಸಿಟ್ಟು ಬಂತು. ಅದರ ಪಕ್ಕದಲ್ಲಿ ಗಡಿಯಾರ.

"ಹತ್ತು ದಾಟಿ ಹತ್ತು ನಿಮಿಷ ಆಯ್ತು ಡಾಕ್ಟರೇ," ಎಂದಳು. "ಮನೆ ಖಾಲಿ ಮಾಡೋ ಹೊತ್ತು."

ಅವರು ಹೋದಮೇಲೆ ಅವಳು ಮೊದಲು ಚಮಚಗಳನ್ನು ಅವುಗಳ ಡ್ರಾಯರಿನಲ್ಲಿ ಇಟ್ಟಳು. ಕತ್ತಿನ ದಾರದಲ್ಲಿದ್ದ ಕೀಲಿಕೈಯಿಂದ ಮೆಟ್ಟಿಲ ಕೆಳಗಿನ ಕಪಾಟು ತೆರೆದಾಗ ಮುಚ್ಚಿಟ್ಟ ಉಣ್ಣೆಯ ವಾಸನೆ ಮುಖಕ್ಕೆ ಹೊಡೆಯಿತು. ಹಿಮಬೆಟ್ಟದ ಚಿತ್ರ ತೆಗೆದು ಅಪ್ಪನ ಫೋಟೋವನ್ನು ಮೊಳೆಗೆ ಹಾಕಿದಳು. ಬಾಯಲ್ಲಿ ಮೊಳೆಯಿಲ್ಲದ ಅಪ್ಪ ಅಪರಿಚಿತನಂತೆ ಕಾಣುತ್ತಿದ್ದ. ಅಮ್ಮನ ಬಟ್ಟಲುಗಳನ್ನು ತೊಳೆದಿಟ್ಟಳು, ಕೆಳಗಿನ ಸಣ್ಣ ಕೋಣೆಯ ಮಂಚಕ್ಕೆ ತನ್ನ ಹೊದಿಕೆ ಹಾಸಿದಳು. ಆ ಕೋಣೆಯನ್ನೇ ಮುದುಕಿ ಕೇಳಿದ್ದು. ಬ್ಲಾಂಕಾ ಇದ್ದಷ್ಟು ದಿನ ಆ ಪಾಪ ಬ್ಲಾಂಕಾಳದಾಗಿತ್ತು. ಇನ್ನು ಅದು ಇವಳದೇ, ಈ ಹೊದಿಕೆಯ ಹಾಗೆ, ಈ ಬಟ್ಟಲುಗಳ ಹಾಗೆ. ಮಂಚದ ಅಂಚಿನಲ್ಲಿ ಕೂತು ಅತ್ತಳು. ಅತ್ತು ಮುಗಿದಮೇಲೂ ನಾಲ್ಕು ಗಂಟೆ ಹೊತ್ತಿನ ಕೆಲಸ ಉಳಿದಿತ್ತು. ಮೂಗು ಒರೆಸಿಕೊಂಡು ಬಚ್ಚಲು ಉಜ್ಜಿದಳು, ಮಹಡಿಯ ಹಾಸಿಗೆಗಳಿಗೆ ಹೊಸ ಬಟ್ಟೆ ಹಾಕಿದಳು, ಮಡಿಕೆ ಸ್ವಲ್ಪ ಓರೆಯಾಗಿತ್ತು. ಹಾಗೇ ಬಿಟ್ಟಳು.

ನಾಲ್ಕಕ್ಕೆ ಐದು ನಿಮಿಷ ಇರುವಾಗ ಹೊಸಬರ ಕಾರು ಬಂತು. ಓತಿಲಿಯಾ ಗೇಟಿನವರೆಗೆ ಹೋದಳು. ಮತ್ತೆ ಹಿಮ ಬೀಳಲು ಶುರುವಾಗಿತ್ತು. ಕಾರಿನಿಂದ ಮೊದಲು ಇಳಿದದ್ದು ಕಂದು ಬಣ್ಣದ ದೊಡ್ಡ ನಾಯಿ, ಆಮೇಲೆ ರೊಸಾರಿಯೊದಿಂದ ಬಂದ ಹೆಂಗಸು. "ನೀವು ಓತಿ ಅಲ್ವಾ, ಫೋನಲ್ಲಿ ಮಾತಾಡಿದ್ವಲ್ಲ. ದೋನ್ಯಾ ಬ್ಲಾಂಕಾ ನಾಯಿ ಬೇಡ ಅಂದಿದ್ರು ಅಂತ ಹೇಳಿದ್ರಿ. ಬಿಟ್ಟು ಬರೋಕೆ ಆಗ್ಲೇ ಇಲ್ಲ ಕಣ್ರೀ. ಅವರಿಗೇನು ಗೊತ್ತಾಗುತ್ತೆ, ನೀವು ಹೇಳ್ಬೇಡಿ ಅಷ್ಟೇ." ಹೆಂಗಸು ಪಿತೂರಿಯ ನಗು ನಕ್ಕಳು. ಹಳೆಯ ಮಾತು ಓತಿಲಿಯಾಳ ನಾಲಿಗೆಯ ತುದಿಗೆ ಬಂದು ನಿಂತಿತು. ಅದನ್ನು ನುಂಗಿಕೊಂಡಳು.

"ಬ್ಲಾಂಕಾ ಇಲ್ಲ. ಮನೆ ನಂದು. ನಾನೂ ಇಲ್ಲೇ ಇರ್ತೀನಿ, ಕೆಳಗಿನ ಕೋಣೇಲಿ. ಮೇಲಿನ ಎರಡು ಕೋಣೆ ನಿಮ್ದು, ಬಾಡಿಗೆ ಅಷ್ಟು ಕಮ್ಮಿ ಮಾಡ್ತೀನಿ. ಒಪ್ಪಿಗೆ ಇಲ್ಲಾಂದ್ರೆ ಮುಂಗಡ ಈಗ್ಲೇ ವಾಪಸ್ ಕೊಡ್ತೀನಿ."

ಹೆಂಗಸು ಕಾರಿನ ಕಡೆ ನೋಡಿದಳು, ಬೀಳುತ್ತಿದ್ದ ಹಿಮವನ್ನು ನೋಡಿದಳು. "ಮತ್ತೆ ನಾಯಿ?"

"ನಾಯಿ ಮನೆಯೊಳಗೆ ಬೇಡ."

"ಯಾರು ಬೇಡ ಅಂದಿದ್ದು?"

"ನಾನು."

"ಈ ಚಳೀಲಿ ಹೊರಗೆ ಹೇಗ್ರೀ ಬಿಡೋದು ಅದನ್ನ?"

"ಹೊರಗೆ ಯಾಕೆ. ಹಿಂದೆ ಸೌದೆಕೊಟ್ಟಿಗೆ ಇದೆ. ಒಲೆ ಇದೆ, ಮಂಚಾನೂ ಇದೆ."

ಹೆಂಗಸು ಹಿತ್ತಿಲ ಕಡೆ ಕತ್ತು ಚಾಚಿ, ಹಲಗೆಯ ಸಂದುಗಳಿಗೆ ಚಿಂದಿ ತುರುಕಿದ್ದ ಆ ಗೂಡನ್ನು ನೋಡಿದಳು. "ಅಲ್ಲಿಯಾ? ಪಾಪ, ಹೇಗ್ ಮಲಗುತ್ತೆ ಅದು ಅಲ್ಲಿ?"

"ಮಲಗುತ್ತೆ," ಎಂದಳು ಓತಿಲಿಯಾ. "ನಾನು ಹತ್ತೊಂಬತ್ತು ಚಳಿಗಾಲ ಮಲಗಿದೀನಿ."

ಹೆಂಗಸು ನಾಯಿಯ ಕತ್ತುಪಟ್ಟಿ ಹಿಡಿದು ಹತ್ತಿರಕ್ಕೆ ಎಳೆದುಕೊಂಡಳು. ಓತಿಲಿಯಾ ಅವಳ ಪೆಟ್ಟಿಗೆಯೊಂದನ್ನು ಎತ್ತಿಕೊಂಡು ಮೆಟ್ಟಿಲು ಹತ್ತಿದಳು. ಬಾಗಿಲ ಮುಂದೆ ಅವಳ ಕೈ ಎಂದಿನಂತೆ ತಾನಾಗಿಯೇ ಎದ್ದು ಬೆರಳ ಗಂಟಿನಿಂದ ಎರಡು ಸಲ ತಟ್ಟಿತು. ಒಂದು ಗಳಿಗೆ ನಿಂತಳು.

"ಬಾ, ತೆಗೆದೇ ಇದೆ," ಎಂದು ಹಿಂದೆ ಬರುತ್ತಿದ್ದವರಿಗೂ ಕೇಳುವಂತೆ ತನಗೆ ತಾನೇ ಹೇಳಿಕೊಂಡು ಒಳಗೆ ಹೋದಳು.